ಸುಳ್ಳೇಟು

ಊರಿಗೆ ನೂರು ವರ್ಷ ತುಂಬಿತಂತೆ. ಮೈಕು ಕಟ್ಟಿಕೊಂಡ ಗಾಡಿಯೊಂದು ಬೀದಿ ಬೀದಿ ಸುತ್ತಿ ಅದನ್ನೇ ಕೂಗುತ್ತಿತ್ತು. ಜಮೀನ್ದಾರರು ನೆಲ ಕೊಟ್ಟರು. ಎಂಜಿನಿಯರು ರೈಲು ತಂದರು. ಮಂಡಿ ಸಾಹುಕಾರರು ಗೋದಾಮು ಕಟ್ಟಿದರು. ರೈತರು ಗಾಡಿ ತುಂಬ ಜೋಳ, ಈರುಳ್ಳಿ ಹೇರಿಕೊಂಡು ಬಂದರು. ಬಯಲು ಊರಾಯಿತು. ಈಗ ರೈಲು ನಿಂತಿದೆ, ಹಳೆಯ ಸ್ಟೇಷನ್ನು ಮ್ಯೂಸಿಯಂ ಆಗುತ್ತಿದೆ, ಎಲ್ಲರೂ ಬನ್ನಿ.

ಹಾರೆಯಕ್ಕ ಹೊಸ್ತಿಲಲ್ಲಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೇಳಿಸಿಕೊಂಡಳು.

"ಹಳಿಯ ದಿಬ್ಬ ಯಾರು ಹಾಕಿದ್ರಂತೆ?" ಎಂದು ಗಂಡನನ್ನು ಕೇಳಿದಳು.

"ಅದನ್ನ ಹೇಳಲಿಲ್ಲ."

"ಕಲ್ಲು ಯಾರು ಹೊತ್ರಂತೆ?"

"ಕಲ್ಲು ತಾನೇ ನಡ್ಕೊಂಡು ಬಂತಂತೆ. ಬಂದು ಹಳಿ ಕೆಳಗೆ ಮಲಗ್ತಂತೆ," ಎಂದ ಗಂಡ. ಅವನು ರೈಲ್ವೆಯಲ್ಲಿ ಕೀಲಿಗಾರನಾಗಿದ್ದವನು. ದಿನವೂ ಹಳಿಯ ಗುಂಟ ನಡೆದು ಸಡಿಲಾದ ಕೀಲಿಗಳನ್ನು ಸುತ್ತಿಗೆಯಿಂದ ಬಿಗಿ ಮಾಡುವುದು ಅವನ ಕೆಲಸ. ಜೀವನದಲ್ಲಿ ಅದೊಂದನ್ನು ಬಿಟ್ಟು ಬೇರೆ ಯಾವುದನ್ನೂ ಬಿಗಿ ಮಾಡಿದವನಲ್ಲ ಎಂದು ಹೆಂಡತಿ ಹೇಳುತ್ತಿದ್ದಳು.

ಕಲ್ಲು ನಡೆದು ಬರಲಿಲ್ಲ. ಹಾರೆಯಕ್ಕನ ಅಜ್ಜಿ, ಅಜ್ಜಿಯ ಓರಗೆಯ ಹೆಂಗಸರು ತಲೆಯ ಮೇಲೆ ಹೊತ್ತು ತಂದರು. ಮಣ್ಣು ಹೊತ್ತು ದಿಬ್ಬ ಏರಿಸಿದರು. ಬುಟ್ಟಿ ಕೂತೂ ಕೂತೂ ಅವರ ನೆತ್ತಿಯ ಕೂದಲು ಉದುರಿ ಬೋಳಾಗಿತ್ತು. ಹಳಿ ಹಾಕಿ ಮುಗಿದ ಮೇಲೆ ಹೊರಟು ಹೋಗುತ್ತೇವೆ ಅಂದರೆ ಜಮೀನಿನವರು ಬಿಡಲಿಲ್ಲ. ಕೊಯ್ಲಿಗೆ ಕೈ ಬೇಕಿತ್ತು. ಗೂಡ್ಸ್ ಶೆಡ್ಡಿನ ಹಿಂದೆ, ಚರಂಡಿಗೂ ಹಳಿಗೂ ನಡುವೆ ಉದ್ದಕ್ಕೆ ಒಂದು ಪಟ್ಟಿ ನೆಲ ತೋರಿಸಿ ಇಲ್ಲೇ ಬಿದ್ದಿರಿ ಅಂದರು. ಬಿದ್ದುಕೊಂಡರು. ಅದಕ್ಕೆ ಲೈನು ಎಂದು ಹೆಸರಾಯಿತು. ಊರಿನವರ ಬಾಯಲ್ಲಿ ಇವರು ಕಲ್ಲಿನವರಾದರು. ಕಲ್ಲಿನವರು ಪ್ಲಾಟ್‌ಫಾರ್ಮು ಹತ್ತುವ ಹಾಗಿಲ್ಲ. ರೈಲಿಗೆ ಹೋಗಬೇಕಾದರೆ ಪ್ಲಾಟ್‌ಫಾರ್ಮು ಮುಗಿಯುವ ಕಡೆ ನೆಲದ ಮೇಲೆ ನಿಂತು, ಕೊನೆಯ ಡಬ್ಬಿಗೆ ಕೈ ಹಾಕಿ, ಮಂಡಿ ಕೆತ್ತಿಸಿಕೊಂಡು ಹತ್ತಬೇಕು. ಹಾಗೆಂದು ಎಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯವೇ ಬೀಳಲಿಲ್ಲ.

ಹಾರೆಯಕ್ಕನೂ ಇದೇ ಲೈನಿನಲ್ಲಿ ಹುಟ್ಟಿದವಳು, ನಾಲ್ಕು ಮನೆ ಆಚೆಗೆ ಸೊಸೆಯಾಗಿ ಬಂದವಳು. ಹಾರೆಯಂತೆ ನೆಟ್ಟಗೆ ನಿಲ್ಲುತ್ತಿದ್ದಳೆಂದು ಆ ಹೆಸರು. ಈಗ ನೆಟ್ಟಗಿರುವುದು ನಾಲಿಗೆ ಮಾತ್ರ. ಎಡಗಾಲಿನ ಎರಡು ಬೆರಳು ಹಳಿಯ ಕೆಳಗೆ ಸಿಕ್ಕಿ ಹೋದವು. ಕಲ್ಲಿನ ಚೂರೊಂದು ಸಿಡಿದು ಮುಂದಿನ ಹಲ್ಲು ಉದುರಿದವು, ಮೇಲಿನ ತುಟಿ ಸೀಳಿ ವಕ್ರವಾಗಿ ಕೂಡಿಕೊಂಡಿತು. ಆ ತುಟಿಯಿಂದಾಗಿ ಅವಳು ಸುಮ್ಮನಿದ್ದಾಗಲೂ ಯಾರನ್ನೋ ಮೂದಲಿಸುವಂತೆ ಕಾಣುತ್ತಿದ್ದಳು. ಬಹಳ ಸಲ ಮೂದಲಿಸುತ್ತಲೇ ಇರುತ್ತಿದ್ದಳು ಅನ್ನುವುದು ಬೇರೆ ಮಾತು.

ಮೂದಲಿಸುತ್ತಿದ್ದುದು ಹೆಚ್ಚಾಗಿ ಓರಗಿತ್ತಿಯನ್ನು. ಮೈದುನನ ಹೆಂಡತಿ, ಪಕ್ಕದ ಮನೆ, ನಡುವೆ ಒಂದು ತಗಡಿನ ಗೋಡೆ. ಅವಳು ಹೊರಗಿನಿಂದ ಬಂದವಳು. ನೋಡಲು ಲಕ್ಷಣ. ಬಂದ ವಾರವೇ ಅತ್ತೆ ತನ್ನ ಕಿವಿಯ ಓಲೆ ಬಿಚ್ಚಿ ಅವಳಿಗೆ ಕೊಟ್ಟಳು. "ನಿನ್ನ ಕಿವಿಗೆ ಒಪ್ಪಲ್ಲ, ಅವಳ ಕಿವಿಗೆ ಒಪ್ಪುತ್ತೆ," ಎಂದು ದೊಡ್ಡ ಸೊಸೆಗೆ ಎದುರಿಗೇ ಹೇಳಿದಳು. ಹಾರೆಯಕ್ಕ ಆವತ್ತು ತಗಡಿನ ಗೋಡೆಗೆ ಪಾತ್ರೆ ಒಂದೊಂದಾಗಿ ಎಸೆದಳು. ಓರಗಿತ್ತಿ ಹಾಡಿದರೆ ಜನ ಕೆಲಸ ನಿಲ್ಲಿಸಿ ಕೇಳುತ್ತಿದ್ದರು. ಹಾರೆಯಕ್ಕ ಹಾಡಿದರೆ ಕೆಲಸ ಬೇಗ ಮುಗಿಯುತ್ತಿತ್ತು. ಓರಗಿತ್ತಿಗೆ ಜ್ವರ ಬಂದರೆ ಲೈನೆಲ್ಲ ಬಾಗಿಲಿಗೆ ಬರುತ್ತಿತ್ತು. ಇವಳ ಬೆರಳು ಹೋದಾಗ, ಪಾಪ, ಗಟ್ಟಿ ಹೆಂಗಸು, ತಡ್ಕೋತಾಳೆ ಅಂದರು. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರು ಕೊಟ್ಟು ಮರ್ಯಾದೆ ಮಾಡುವುದು ಬೇಡ. ಹಾರೆಯಕ್ಕನ ಹೊಟ್ಟೆಯಲ್ಲಿ ಅದು ಬೆಳಿಗ್ಗೆ ಒಲೆಗಿಂತ ಮುಂಚೆ ಹೊತ್ತಿಕೊಳ್ಳುತ್ತಿತ್ತು.

ಆದರೆ ಕೆಲಸದಲ್ಲಿ ಅವರಿಬ್ಬರೂ ಜೋಡಿ. ಮೇಸ್ತ್ರಿ ಹಾಕಿದ ಜೋಡಿ, ಕೊನೆಯವರೆಗೂ ಬದಲಾಗಲಿಲ್ಲ. ಹಳಿಯ ಕೆಳಗಿನ ಮರದ ಸ್ಲೀಪರಿಗೆ ಕಲ್ಲು ಗಿಡಿದು ತುಂಬುವುದು ಒಬ್ಬರ ಕೆಲಸವಲ್ಲ. ಸ್ಲೀಪರಿನ ಆ ಬದಿ ಒಬ್ಬಳು, ಈ ಬದಿ ಒಬ್ಬಳು, ಎದುರುಬದುರು. ಕೈಯಲ್ಲಿ ಮೊಂಡು ಮೂತಿಯ ಪಿಕಾಸಿ. ಇವಳದೊಂದು ಏಟು, ಅವಳದೊಂದು ಏಟು. ಎರಡೂ ಬದಿಯ ಕಲ್ಲು ಸ್ಲೀಪರಿನ ಹೊಟ್ಟೆಯ ಕೆಳಗೆ ನುಗ್ಗಿ ಒಂದಕ್ಕೊಂದು ಒತ್ತಿ ಕೂರಬೇಕು. ಬೆನ್ನು ಬಗ್ಗಿಸಿದ್ದು ಬಗ್ಗಿಸಿದ ಹಾಗೇ, ಹೊಟ್ಟೆ ಕಚ್ಚಿಕೊಂಡು, ಬೆವರು ಕಣ್ಣಿಗೆ ಇಳಿದರೂ ಒರೆಸದೆ ಬಡಿಯಬೇಕು. ಒಬ್ಬಳ ಏಟು ಸಡಿಲವಾದರೆ ಇನ್ನೊಬ್ಬಳು ತಳ್ಳಿದ ಕಲ್ಲೆಲ್ಲ ಆಚೆ ಬದಿಗೆ ಜಾರಿ ಹೋಗುತ್ತದೆ. ಮೇಲೆ ನೋಡಲು ಚೆನ್ನಾಗಿಯೇ ಇರುತ್ತದೆ, ಕೆಳಗೆ ಪೊಳ್ಳು.

ಕೆಲವರು ಬೇಕೆಂದೇ ಹಾಗೆ ಮಾಡುವುದುಂಟು. ಪಿಕಾಸಿ ಎತ್ತರಕ್ಕೆ ಎತ್ತಿ, ಸದ್ದು ಮಾತ್ರ ಬರುವಂತೆ ಬೀಳಿಸುವುದು. ಲೈನಿನವರು ಅದಕ್ಕೆ ಸುಳ್ಳೇಟು ಅನ್ನುತ್ತಾರೆ. ಮೇಸ್ತ್ರಿಯ ಕಣ್ಣಿಗೆ ಅದು ಬೀಳುವುದಿಲ್ಲ. ಎದುರಿನವಳಿಗೆ ಮಾತ್ರ ಗೊತ್ತಾಗುತ್ತದೆ, ಅವಳ ತೋಳಿಗೆ ಆ ಕಡೆಯಿಂದ ಒತ್ತು ಸಿಗುವುದಿಲ್ಲ. ಲೈನಿನಲ್ಲಿ ಕದ್ದವಳನ್ನು ಕ್ಷಮಿಸಿದ್ದಾರೆ, ಇನ್ನೊಬ್ಬರ ಗಂಡನ ಜೊತೆ ಓಡಿಹೋಗಿ ತಿರುಗಿ ಬಂದವಳನ್ನು ಕ್ಷಮಿಸಿದ್ದಾರೆ. ಸುಳ್ಳೇಟು ಹಾಕಿದವಳ ಎದುರು ಮಾತ್ರ ಮರುದಿನ ಯಾರೂ ನಿಲ್ಲುವುದಿಲ್ಲ. ಹಾರೆಯಕ್ಕ ಓರಗಿತ್ತಿಯ ಜೊತೆ ವರ್ಷಗಟ್ಟಲೆ ಮಾತು ಬಿಟ್ಟಿದ್ದಳು. ಮಾತು ಬಿಟ್ಟ ವರ್ಷಗಳಲ್ಲೂ ಏಟು ಸರಿಯಾಗಿಯೇ ಹಾಕಿದ್ದಳು.

ಆಮೇಲೆ ಸಿಮೆಂಟಿನ ಸ್ಲೀಪರು ಬಂದವು. ಮಷೀನು ಬಂತು. ಹೆಂಗಸರನ್ನು ಬಿಡಿಸಿದರು. ಆಮೇಲೆ ಲಾರಿಗಳು ಬಂದು ರೈಲೇ ನಿಂತಿತು. ಇಬ್ಬರೂ ಮಂಡಿಯ ಗೋದಾಮಿಗೆ ಈರುಳ್ಳಿ ಆರಿಸಲು ಹೋಗತೊಡಗಿದರು. ಹಾರೆಯಕ್ಕನಿಗೆ ನೆಲದಲ್ಲಿ ಕೂತರೆ ಏಳಲಾಗದು, ನಿಂತರೆ ಕೂರಲಾಗದು. ಹೋದ ಸುಗ್ಗಿಯಲ್ಲಿ ಗೋದಾಮಿನ ಗುಮಾಸ್ತ ನಾಳೆಯಿಂದ ಬರಬೇಡ ಅಂದ.

ಆಗಲೇ ಮ್ಯೂಸಿಯಂ ಸುದ್ದಿ ಬಂದದ್ದು. ಅಲ್ಲಿ ಲೈನಿನ ಹೆಂಗಸೊಬ್ಬಳಿಗೆ ಖಾಯಂ ಕೆಲಸವಂತೆ. ನೋಡಲು ಬಂದವರಿಗೆ ಹಿಂದೆ ಕೆಲಸ ಹೇಗೆ ಮಾಡುತ್ತಿದ್ದರೆಂದು ಮಾಡಿ ತೋರಿಸುವುದು. ನೆರಳು, ತಿಂಗಳ ಸಂಬಳ. ಒಬ್ಬಳಿಗೆ ಮಾತ್ರ.

"ನನಗಲ್ಲದೆ ಇನ್ನಾರಿಗೆ?" ಎಂದಳು ಹಾರೆಯಕ್ಕ.

ಆಯ್ಕೆಗೆ ಬಂದವಳು ಕನ್ನಡಕದಮ್ಮ. ನಗರದಿಂದ ಬಂದು ಮ್ಯೂಸಿಯಂ ಜೋಡಿಸುತ್ತಿದ್ದವಳು, ಒಳ್ಳೆಯ ಮಾತಿನವಳು, ಎಲ್ಲರನ್ನೂ ಬಹುವಚನದಲ್ಲೇ ಮಾತಾಡಿಸುವವಳು. ಲೈನಿಗೆ ಬಂದು ಹಾರೆಯಕ್ಕನ ಹೊಸ್ತಿಲಲ್ಲೇ ಕೂತಳು. ಹಾರೆಯಕ್ಕ ಬಾಯಿ ತೆರೆದರೆ ನಿಲ್ಲಿಸಲಿಲ್ಲ. ಅಜ್ಜಿಯ ನೆತ್ತಿ, ದಿಬ್ಬ, ಕಲ್ಲು, ಬೆರಳು, ಹಲ್ಲು, ನೀರು ಕುಡಿದ ಬಗೆ, ಎಲ್ಲ ಹೇಳಿದಳು. ಕನ್ನಡಕದಮ್ಮ ಎಲ್ಲವನ್ನೂ ಬರೆದುಕೊಂಡಳು. ಕಣ್ಣೊರೆಸಿಕೊಂಡಳು ಕೂಡ. ಹಾರೆಯಕ್ಕ ಮನಸ್ಸಿನಲ್ಲೇ ನೆರಳಿನಲ್ಲಿ ಕೂತಾಯಿತು.

ಅಷ್ಟರಲ್ಲಿ ಓರಗಿತ್ತಿ ಪಕ್ಕದ ಬಾಗಿಲಿಂದ ಕೊಡ ಹಿಡಿದು ಹೊರಗೆ ಬಂದಳು. ಕನ್ನಡಕದಮ್ಮ ತಲೆಯೆತ್ತಿ ನೋಡಿದಳು. ನೋಡುತ್ತಲೇ ಇದ್ದಳು.

"ಅವರೂ ಕೆಲಸ ಮಾಡಿದ್ದಾರಾ?"

"ಮಾಡಿದ್ದಾಳೆ, ಏನೋ ಒಂದಿಷ್ಟು," ಎಂದಳು ಹಾರೆಯಕ್ಕ.

ಮರುದಿನ ಮಂಡಿ ಸಾಹುಕಾರನ ಆಳು ಬಂದು ಓರಗಿತ್ತಿಯ ಬಾಗಿಲು ತಟ್ಟಿದ. ಈಗಿನ ಸಾಹುಕಾರ ಗೋದಾಮು ಕಟ್ಟಿಸಿದವನ ಮೊಮ್ಮಗ, ಮ್ಯೂಸಿಯಂ ಸಮಿತಿಗೆ ಅವನೇ ಅಧ್ಯಕ್ಷ. ಹಾರೆಯಕ್ಕ ಕುಂಟುತ್ತ ಹೋಗಿ ಕನ್ನಡಕದಮ್ಮನನ್ನು ಹಿಡಿದುಕೊಂಡಳು.

"ನನ್ನ ಕಥೆ ಬರ್ಕೊಂಡು ಕೆಲಸ ಅವಳಿಗೆ ಕೊಟ್ರಾ?"

ಕನ್ನಡಕದಮ್ಮ ಅವಳ ಕೈ ಹಿಡಿದುಕೊಂಡಳು. "ಬೇಜಾರು ಮಾಡ್ಕೋಬೇಡಿ ಅಮ್ಮ. ಸಮಿತಿಯವರು ನಿರ್ಧಾರ ಮಾಡಿದ್ದು. ಜನ ಫೋಟೋ ತೆಗೀತಾರೆ, ಮಕ್ಕಳು ಬರ್ತಾರೆ. ಸ್ವಲ್ಪ ಮುಖ ಚೆನ್ನಾಗಿರೋರು ಬೇಕು ಅಂದ್ರು."

ಹಾರೆಯಕ್ಕ ತನ್ನ ತುಟಿ ಮುಟ್ಟಿ ನೋಡಿಕೊಂಡಳು. ಈ ಕೆಲಸವೇ ತಿಂದ ಮುಖ ಇದು. ಅದಕ್ಕೇ ಈ ಕೆಲಸಕ್ಕೆ ಆಗುವುದಿಲ್ಲವಂತೆ. ಬೇರೆಯವರಾಗಿದ್ದರೆ ಸಾಹುಕಾರನನ್ನು ಶಪಿಸುತ್ತಿದ್ದರು. ಹಾರೆಯಕ್ಕ ಶಪಿಸಿದ್ದು ಓರಗಿತ್ತಿಯ ಮುಖವನ್ನು. ಸಾಹುಕಾರ ದೂರದವನು. ಓರಗಿತ್ತಿ ತಗಡಿನ ಆಚೆಗೇ ಇದ್ದಳು, ಅವಳು ಕೆಮ್ಮಿದರೂ ಕೇಳಿಸುತ್ತಿತ್ತು.

ಓರಗಿತ್ತಿಗೆ ಹೊಸ ಬಟ್ಟೆ ಕೊಟ್ಟರು. ಹೊಸದೆಂದರೆ ಅಂಗಡಿಯಿಂದ ತಂದದ್ದನ್ನೇ ಕತ್ತರಿಯಿಂದ ಅಲ್ಲಲ್ಲಿ ಹರಿದು, ಮಣ್ಣಿನ ಬಣ್ಣದಲ್ಲಿ ಅದ್ದಿ, ಎರಡು ತೇಪೆ ಹಾಕಿ ಹಳೆಯದರಂತೆ ಮಾಡಿದ್ದು. ಅದನ್ನುಟ್ಟು ಓರಗಿತ್ತಿ ಅಂಗಳದಲ್ಲಿ ನಿಂತಳು. ಲೈನಿನ ಹೆಂಗಸರು ನಕ್ಕರು. ನಮ್ಮನೇಲಿ ಕತ್ತರಿ ಇಲ್ದೇನೇ ಹರಿದಿದ್ದು ರಾಶಿ ಬಿದ್ದಿದೆ, ಅದನ್ನೇ ತಗೋಬಹುದಿತ್ತಲ್ಲ ಅಂದರು. ಹಾರೆಯಕ್ಕನಿಗೆ ನಗು ಬರಲಿಲ್ಲ. ಆ ಹರಕಲು ಬಟ್ಟೆಯ ಮೇಲೂ ಅವಳಿಗೆ ಆಸೆಯಾಗಿತ್ತು.

"ನಿನ್ನ ಹೆಂಡ್ತಿಗೆ ಬಂದಿದ್ದ ಕೆಲಸ ಅದು. ಒಂದು ಮಾತು ಕೇಳಬಾರದಾ ಸಾಹುಕಾರನ್ನ?" ಎಂದು ಗಂಡನ ಮೇಲೆ ಹರಿಹಾಯ್ದಳು.

"ಕೇಳಿದ್ರೆ ಏನಂತಾನೆ? ಕನ್ನಡಿ ನೋಡ್ಕೋ ಅಂತಾನೆ. ನಿನಗೋಸ್ಕರ ಅಷ್ಟು ದೂರ ಹೋಗಿ ಬೈಸ್ಕೊಂಡು ಬರಲಾ? ಅದನ್ನ ಮನೇಲೇ ಬೈಸ್ಕೋತೀನಿ."

ಹೊಟ್ಟೆಗೆ ಇನ್ನೊಂದಿಷ್ಟು ಬೆಂಕಿ ಹಾಕಿದವಳು ಓರಗಿತ್ತಿಯೇ. ಉದ್ಘಾಟನೆಗೆ ಮುಂಚಿನ ದಿನ ತಗಡಿನ ಗೋಡೆಯ ಮೇಲಿಂದ ತಲೆ ಹಾಕಿ, "ಅಕ್ಕ, ನಾಳೆ ನೀನೂ ಬರ್ಬೇಕು. ಒಬ್ಬಳೇ ಬಡಿದ್ರೆ ಕಲ್ಲು ಆಚೆ ಹೋಗುತ್ತೆ, ಎದುರಿಗೆ ನಮ್ಮಕ್ಕ ಇಲ್ಲದೆ ಆಗಲ್ಲ ಅಂತ ಹೇಳಿದ್ದೀನಿ. ಒಪ್ಕೊಂಡಿದ್ದಾರೆ. ಒಂದು ದಿನಕ್ಕೆ ಮಾತ್ರ," ಎಂದಳು.

"ನಿನ್ನ ಭಿಕ್ಷೆ ನನಗೆ ಬೇಡ."

"ಭಿಕ್ಷೆ ಅಲ್ಲ ಅಕ್ಕ. ನಿಜ ಹೇಳ್ದೆ. ಮತ್ತೆ ಎಲ್ಲರಿಗೂ ನೀನು ಕಾಣ್ಲಿ ಅಂತ."

ಎಲ್ಲರಿಗೂ ಕಾಣಲಿ ಅಂತ! ಇವಳು ತೋರಿಸಿದರೆ ಮಾತ್ರ ತಾನು ಕಾಣಬೇಕು. ಹಾರೆಯಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೋಗುವುದಿಲ್ಲ ಎಂದು ಗಂಡನಿಗೆ ಹೇಳಿದಳು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೊರಟಳು.

ಸ್ಟೇಷನ್ನಿಗೆ ಬಣ್ಣ ಬಳಿದಿದ್ದರು. ಪ್ಲಾಟ್‌ಫಾರ್ಮಿನ ಮೇಲೆ ಕುರ್ಚಿಗಳು. ಊರಿನ ದೊಡ್ಡವರು, ಅವರ ಹೆಂಡಂದಿರು, ಮಕ್ಕಳು. ನಡುವೆ ದೊಡ್ಡ ಅತಿಥಿ, ಬೆಳ್ಳನೆಯ ಬೂಟು ಹಾಕಿದ್ದ. ಕೆಳಗೆ ಹಳಿಯ ಮೇಲೆ ಓರಗಿತ್ತಿ, ಹಾರೆಯಕ್ಕ. ಅವರ ಹಿಂದೆ, ಹಳಿಯ ಆಚೆ, ಲೈನಿನವರು ಗುಂಪಾಗಿ ನಿಂತಿದ್ದರು. ಕೆಳಗೇ ನಿಂತು ನೋಡಿ ಎಂದು ಯಾರೋ ಹೇಳಿದ್ದರು. ಹೇಳದಿದ್ದರೂ ಅಲ್ಲೇ ನಿಲ್ಲುತ್ತಿದ್ದರು. ಮ್ಯೂಸಿಯಂ ಎಂದು ಹೆಸರಷ್ಟೇ, ಎಲ್ಲ ಹಿಂದಿನ ಹಾಗೇ ಇತ್ತು.

ಹಳಿಯ ಒಂದು ತುಂಡಿಗೆ ಹಳೆಯ ಮರದ ಸ್ಲೀಪರುಗಳನ್ನು ತಂದು ಹಾಕಿದ್ದರು. ಸಾಹುಕಾರ ಕೈ ಬೀಸಿದ. ಇಬ್ಬರೂ ಪಿಕಾಸಿ ಎತ್ತಿದರು.

ಮೊದಲ ಏಟಿಗೇ ಹಾರೆಯಕ್ಕನ ಮೈ ನೆನಪು ಮಾಡಿಕೊಂಡಿತು. ಸೊಂಟ ಚುಳ್ಳೆಂದಿತು, ಆದರೆ ತೋಳಿಗೆ ದಾರಿ ಗೊತ್ತಿತ್ತು. ಓರಗಿತ್ತಿಯ ಏಟು, ಇವಳ ಏಟು, ಅವಳದು, ಇವಳದು. ಪ್ಲಾಟ್‌ಫಾರ್ಮಿನ ಮೇಲೆ ಮೊಬೈಲುಗಳು ಮೇಲೆದ್ದವು. ಎಲ್ಲವೂ ಓರಗಿತ್ತಿಯ ಕಡೆಗೆ. ಒಬ್ಬ ಫೋಟೋದವನು ಹಾರೆಯಕ್ಕನ ಬಳಿಗೆ ಬಂದು, "ಅಜ್ಜಿ, ಸ್ವಲ್ಪ ಆ ಕಡೆ ತಿರುಗಿ, ಬೆನ್ನು ಬಂದ್ರೆ ಸಾಕು," ಎಂದ.

ಬೆನ್ನು ಬಂದರೆ ಸಾಕಂತೆ.

ಅವಳು ಪಿಕಾಸಿಯನ್ನು ಇನ್ನೂ ಎತ್ತರಕ್ಕೆ ಎತ್ತಿದಳು. ಬೀಳಿಸಿದಳು. ಸದ್ದು ಚೆನ್ನಾಗಿಯೇ ಬಂತು. ಕಲ್ಲು ಕದಲಲಿಲ್ಲ.

ಓರಗಿತ್ತಿ ಥಟ್ಟನೆ ತಲೆಯೆತ್ತಿದಳು. ಹಾರೆಯಕ್ಕ ಅವಳ ಕಣ್ಣಲ್ಲೇ ಕಣ್ಣಿಟ್ಟು ಇನ್ನೊಂದು ಸುಳ್ಳೇಟು ಹಾಕಿದಳು. ಮತ್ತೊಂದು. ಮೇಲಿನವರು ಚಪ್ಪಾಳೆ ತಟ್ಟಿದರು. ಓರಗಿತ್ತಿ ತಳ್ಳಿದ ಕಲ್ಲೆಲ್ಲ ಹಾರೆಯಕ್ಕನ ಕಾಲ ಬುಡಕ್ಕೆ ಬಂದು ಬಿತ್ತು. ಓರಗಿತ್ತಿ ತುಟಿ ಬಿಗಿಹಿಡಿದು ಎರಡು ಪಟ್ಟು ಜೋರಾಗಿ ಬಡಿದಳು. ಜೋರಾಗಿ ಬಡಿದಷ್ಟೂ ಒಳಗೆ ಪೊಳ್ಳಾಗುತ್ತ ಹೋಯಿತು. ಅವಳ ಹಣೆಯ ಬೆವರು ನೋಡಿ ಹಾರೆಯಕ್ಕನ ಹೊಟ್ಟೆ ತಣ್ಣಗಾಯಿತು. ಅತ್ತೆಯ ಓಲೆ ಹೋದಂದಿನಿಂದ ಅಷ್ಟು ತಣ್ಣಗೆ ಆಗಿದ್ದೇ ಇಲ್ಲ.

ದೊಡ್ಡ ಅತಿಥಿಗೆ ಉತ್ಸಾಹ ಬಂತು. ಕೆಳಗಿಳಿದು ಬಂದ. "ಎಷ್ಟು ಗಟ್ಟಿಯಾಗಿದೆ ನೋಡೋಣ," ಎಂದು ಸ್ಲೀಪರಿನ ತುದಿಗೆ ಕಾಲಿಟ್ಟ. ಸ್ಲೀಪರು ವಾಲಿತು. ಅತಿಥಿ ಕಲ್ಲಿನ ಮೇಲೆ ಕುಕ್ಕರಿಸಿ ಬಿದ್ದ. ಬಿಳಿ ಬೂಟು ಕೆರೆದುಹೋಯಿತು. ಯಾರದೋ ಮಗು ನಕ್ಕಿತು.

ಸಾಹುಕಾರನ ಮುಖ ಕೆಂಪಾಯಿತು. ಅವನು ಓರಗಿತ್ತಿಯ ಮೇಲೆ ಎಗರಿದ. "ಇಷ್ಟೂ ಬರಲ್ವಾ ನಿನಗೆ? ಬರೀ ಮುಖ ನೋಡಿ ಇಟ್ಕೊಂಡ್ವಿ. ಸಂಬಳ ಯಾತಕ್ಕೆ, ನಿಂತು ವಯ್ಯಾರ ಮಾಡೋಕ್ಕಾ?"

ಈಗ ಹೇಳುತ್ತಾಳೆ, ಎಂದುಕೊಂಡಳು ಹಾರೆಯಕ್ಕ. ಎದುರಿನವಳು ಸುಳ್ಳೇಟು ಹಾಕಿದಳು ಎನ್ನುತ್ತಾಳೆ. ಹಿಂದೆ ಲೈನೆಲ್ಲ ನಿಂತಿದೆ. ಒಂದು ಮಾತು ಸಾಕು, ನಾಳೆಯಿಂದ ತನಗೆ ಯಾರೂ ಬೆಂಕಿ ಕೂಡ ಕೊಡುವುದಿಲ್ಲ.

ಓರಗಿತ್ತಿ ಹೇಳಲಿಲ್ಲ. ಹಾರೆಯಕ್ಕನನ್ನು ಒಮ್ಮೆ ನೋಡಿ, ಪಿಕಾಸಿ ಕೆಳಗಿಟ್ಟು, ತಲೆ ತಗ್ಗಿಸಿದಳು. ಹಾರೆಯಕ್ಕನಿಗೆ ಮೈಯೆಲ್ಲ ಉರಿಯಿತು. ಇದರಲ್ಲೂ ಇವಳೇ ದೊಡ್ಡವಳಾಗಬೇಕೆ?

"ಆಯ್ತು, ಆಯ್ತು, ಮುಂದಿನದು ತೋರ್ಸಿ," ಎಂದ ಸಾಹುಕಾರ. "ನೀರಿಂದು."

ಪ್ಲಾಟ್‌ಫಾರ್ಮಿನ ತುದಿಯಲ್ಲಿ ಎಂಜಿನ್ನಿಗೆ ನೀರು ತುಂಬುತ್ತಿದ್ದ ಹಳೆಯ ಕಬ್ಬಿಣದ ಕಂಬವಿತ್ತು. ಅದರ ತೋಳಿನಿಂದ ದಪ್ಪ ಕೊಳವೆ ಜೋಲುತ್ತಿತ್ತು. ಕಂಬಕ್ಕೆ ಹೊಸ ಬೋರ್ಡು: "ಹಳಿ ಕಾರ್ಮಿಕರು ಇಲ್ಲಿ ನೀರು ಕುಡಿಯುತ್ತಿದ್ದರು." ಕನ್ನಡಕದಮ್ಮ ಅದನ್ನು ಮೈಕಿನಲ್ಲಿ ಓದಿದಳು. ಹಾರೆಯಕ್ಕ ಹೊಸ್ತಿಲಲ್ಲಿ ಹೇಳಿದ ಮಾತುಗಳೇ ಆಮೇಲೆ ಮೈಕಿನಿಂದ ಬಂದವು, ನಯವಾಗಿ, ಯಾರದೋ ಊರಿನ ಕಥೆಯ ಹಾಗೆ. ಕೊಳವೆ ಮುಟ್ಟುವ ಹಾಗಿರಲಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡು, ಮಂಡಿಯೂರಿ, ಬಾಯಿ ಮೇಲಕ್ಕೆ ತೆರೆದು ನಿಲ್ಲಬೇಕಿತ್ತು. ಎಂಜಿನ್ನು ಕುಡಿದು ಉಳಿದದ್ದು ಇವರಿಗೆ.

ಮೈಕು ಹೇಳದೆ ಬಿಟ್ಟದ್ದೂ ಇತ್ತು. ನೀರಿನ ಆಳು ಬೇಕೆಂದೇ ಕೊಳವೆ ಆಚೀಚೆ ತೂಗುತ್ತಿದ್ದ. ಹೆಂಗಸರು ಬಾಯಿ ತೆರೆದುಕೊಂಡೇ ಮಂಡಿಯಲ್ಲಿ ಅದರ ಹಿಂದೆ ತೆವಳುತ್ತಿದ್ದರು. ಬಟ್ಟೆ ನೆಂದು ಮೈಗೆ ಅಂಟುತ್ತಿತ್ತು. ಪ್ಲಾಟ್‌ಫಾರ್ಮಿನ ಮೇಲಿನವರು ರೈಲಿಗೆ ಕಾಯುವ ಬೇಸರ ಕಳೆದುಕೊಳ್ಳುತ್ತಿದ್ದರು. ಹಾರೆಯಕ್ಕನ ತಾಯಿ ಹಾಗೆ ಕುಡಿದಳು, ಹಾರೆಯಕ್ಕ ಹಾಗೆ ಕುಡಿದಳು. ಓರಗಿತ್ತಿ ಮದುವೆಯಾಗಿ ಬಂದ ವಾರ ಅವಳನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ಆಡಿಸಿದ್ದರು. ಲಕ್ಷಣವಾಗಿದ್ದಳಲ್ಲ. ಮನೆಗೆ ಬಂದು ಅವಳು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಅತ್ತೆ ಓಲೆ ಬಿಚ್ಚಿಕೊಟ್ಟದ್ದು ಆ ಸಂಜೆಯೇ. ಹಾರೆಯಕ್ಕನಿಗೆ ಇಷ್ಟು ವರ್ಷ ಓಲೆ ನೆನಪಿತ್ತು. ಸಂಜೆ ನೆನಪಿರಲಿಲ್ಲ. ಈಗ ನೆನಪಾಯಿತು, ಬೇಡವೆಂದರೂ.

ಕೊಳವೆಯಿಂದ ನೀರು ಬಿಟ್ಟರು. ಮೊಬೈಲುಗಳು ಮತ್ತೆ ಎದ್ದವು.

"ಮಂಡಿ ಊರಿ ಅಮ್ಮ," ಎಂದಳು ಕನ್ನಡಕದಮ್ಮ ಮೆತ್ತಗೆ. "ಒಂದೇ ಗುಟುಕು. ತೋರ್ಸೋಕೆ ಅಷ್ಟೇ."

ಓರಗಿತ್ತಿ ಕೊಳವೆಯ ಹತ್ತಿರ ಹೋದಳು. ನಿಂತಳು. ನೀರು ಅವಳ ಕಾಲ ಬಳಿ ಸುರಿದು ಕಲ್ಲಿನೊಳಗೆ ಇಳಿಯುತ್ತಿತ್ತು.

"ಕುಡಿಯಲ್ಲ," ಎಂದಳು.

ದನಿ ಸಣ್ಣದು. ಆದರೆ ಎಲ್ಲರಿಗೂ ಕೇಳಿಸಿತು.

"ಏನಂದೆ?" ಎಂದ ಸಾಹುಕಾರ.

"ಕುಡಿಯಲ್ಲ ಅಂದೆ. ಆಗ ಬಾಯಾರಿತ್ತು, ಕುಡಿದ್ವಿ. ಈಗ ನಿಮ್ಮ ಫೋಟೋಗೆ ಕುಡಿಯಲ್ಲ."

ಹಾರೆಯಕ್ಕನಿಗೆ ಎದೆಗೆ ಗುದ್ದಿದಂತಾಯಿತು. ಆ ಮಾತು ತನ್ನದು. ಲಂಗದ ಹುಡುಗಿಯಾಗಿ ಅಮ್ಮನ ಸೆರಗು ಹಿಡಿದು ಇದೇ ಕಂಬದ ಪಕ್ಕ ನಿಂತ ದಿನದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತು. ಆಡಿದವಳು ಓರಗಿತ್ತಿ. ಓಲೆ ತಗೊಂಡಳು, ಕೆಲಸ ತಗೊಂಡಳು, ಇದನ್ನೂ ತಗೊಂಡಳು. ಹಾರೆಯಕ್ಕ ಜೀವಮಾನದಲ್ಲಿ ಅವಳ ಮೇಲೆ ಪಟ್ಟ ಹೊಟ್ಟೆಕಿಚ್ಚೆಲ್ಲ ಒಂದು ತೂಕವಾದರೆ ಆ ಒಂದು ಗಳಿಗೆಯದೇ ಒಂದು ತೂಕ.

ಸಾಹುಕಾರ ಕುರ್ಚಿಯವರ ಕಡೆ ನೋಡಿ ನಕ್ಕ. ಆಮೇಲೆ ಹಾರೆಯಕ್ಕನ ಕಡೆ ಬೆರಳು ತೋರಿಸಿದ. "ಏ ಮುದುಕಿ, ನಿನಗೆ ಬೇಕಿತ್ತಲ್ಲ ಈ ಕೆಲಸ? ಅಳ್ತಾ ಓಡಾಡ್ತಿದ್ಯಂತೆ. ತಗೋ, ನಿನಗೇ ಕೊಟ್ಟೆ. ನಾಳೆಯಿಂದ ನೀನೇ ಬಾ. ಬಂದು ಕುಡಿ."

ಖಾಯಂ ಕೆಲಸ. ನೆರಳು. ತಿಂಗಳ ಸಂಬಳ. ಎಲ್ಲರ ಎದುರಿಗೆ, ಅವಳ ಕೈಯಿಂದ ಕಿತ್ತು ತನಗೆ. ಇದಕ್ಕಿಂತ ಹೆಚ್ಚಿನದನ್ನು ಹಾರೆಯಕ್ಕ ಕನಸಿನಲ್ಲೂ ಕೇಳಿರಲಿಲ್ಲ. ಕುಂಟುತ್ತ ಕೊಳವೆಯ ಹತ್ತಿರ ಹೋದಳು. ಹಿಂದಿನಿಂದ ಗಂಡ, "ಬೇಡ ಕಣೆ," ಎಂದದ್ದು ಕೇಳಿಸಿತು. ಇಷ್ಟು ವರ್ಷದಲ್ಲಿ ಅವನು ಒಂದು ವಿಷಯಕ್ಕೆ ಬೇಡ ಎಂದದ್ದು ಅದೇ ಮೊದಲು.

ಅವಳು ನೋಡಿದ್ದು ಓರಗಿತ್ತಿಯನ್ನು. ಆ ಮುಖದಲ್ಲಿ ಸ್ವಲ್ಪವಾದರೂ ಉರಿ ಕಾಣಬೇಕು. ನನ್ನ ಕೆಲಸ ಹೋಯಿತು, ಅಕ್ಕನಿಗೆ ಸಿಕ್ಕಿತು ಎಂದು ಒಂದು ಸಲ, ಒಂದೇ ಸಲ, ಅವಳ ಹೊಟ್ಟೆ ಕುದಿಯಬೇಕು. ಹಾರೆಯಕ್ಕ ಕಣ್ಣು ಕಿರಿದು ಮಾಡಿ ಹುಡುಕಿದಳು. ಇರಲಿಲ್ಲ. ಓರಗಿತ್ತಿ ಅಲ್ಲಿ ಕಾಲು ಊರಿ ಹಗುರಾಗಿ ನಿಂತಿದ್ದಳು. ಸಿಕ್ಕಿದ್ದನ್ನು ಕೊಟ್ಟುಬಿಟ್ಟವಳ ಹಾಗೆ. ಅವಳ ಹತ್ತಿರ ಈಗ ಹೊಟ್ಟೆಕಿಚ್ಚು ಪಡುವಂಥದ್ದು ಒಂದೇ ಇತ್ತು. ಅದು ಕೆಲಸವಲ್ಲ, ಒಲ್ಲೆ ಅಂದ ಆ ಹಗುರ.

ಹಾರೆಯಕ್ಕನಿಗೆ ಅದು ಬೇಕೆನಿಸಿತು. ಮತ್ತೇನೂ ಬೇಡವೆನಿಸುವಷ್ಟು ಬೇಕೆನಿಸಿತು.

"ನಾನೂ ಕುಡಿಯಲ್ಲ!" ಎಂದು ಕೂಗಿದಳು. ಗೂಡ್ಸ್ ಶೆಡ್ಡಿನ ತಗಡಿನ ಮೇಲೆ ಕೂತಿದ್ದ ಪಾರಿವಾಳಗಳು ಎದ್ದು ಹಾರಿದವು. "ನಮ್ಮಮ್ಮ ಕುಡಿದಿದ್ದೇ ಸಾಕು. ನಿನ್ನ ಕೆಲಸ ನೀನೇ ಇಟ್ಕೋ. ನಿನ್ನ ಹೆಂಡ್ತಿ ಮುಖ ಚೆನ್ನಾಗಿದೆಯಲ್ಲ, ಅವಳನ್ನ ಮಂಡಿ ಊರ್ಸು!"

ಹಳಿಯ ಆಚೆ ಲೈನಿನವರು ಮುಂದಕ್ಕೆ ಬಂದರು. ಕೂಗಲಿಲ್ಲ, ಬಂದರು ಅಷ್ಟೇ. ಕುರ್ಚಿಗಳು ಸರಿದಾಡಿದ ಸದ್ದಾಯಿತು. ಅತಿಥಿ ತನ್ನ ಕಾರು ಎಲ್ಲಿದೆ ಎಂದು ಕೇಳಿದ.

"ನಡೀರಿ ಇಬ್ಬರೂ ಇಲ್ಲಿಂದ," ಎಂದು ಸಾಹುಕಾರ ಕಿರುಚಿದ. "ಮಂಡಿ ಕಡೆ ಕೂಡ ಕಾಲಿಡಬೇಡಿ ಇನ್ನು. ಲೈನಿನ ಒಬ್ಬರಿಗೂ ಈರುಳ್ಳಿ ಕೆಲಸ ಇಲ್ಲ."

ಹಾರೆಯಕ್ಕ ನಡೆಯಲಿಲ್ಲ. ಮೈಕು ಹಿಡಿದು ನಿಂತಿದ್ದ ಕನ್ನಡಕದಮ್ಮನ ಕಡೆ ತಿರುಗಿದಳು. ಬೋರ್ಡಿನ ಕಡೆ ಪಿಕಾಸಿ ಚಾಚಿದಳು.

"ಇಲ್ಲಿ ನೀರು ಕುಡೀತಿದ್ರು ಅಂತ ಬರ್ದಿದ್ದೀಯ. ಅಲ್ಲಿ ಯಾಕೆ ಕುಡೀತಿರ್ಲಿಲ್ಲ ಅಂತ ಬರ್ದಿಲ್ಲ." ಪಿಕಾಸಿ ಪ್ಲಾಟ್‌ಫಾರ್ಮಿನ ಮೇಲಿನ ನಲ್ಲಿಯ ಕಡೆ ತಿರುಗಿತು. "ಅಲ್ಲಿ ಕುಡಿಯೋಕೆ ಯಾರು ಬಿಡ್ಲಿಲ್ಲ ಅಂತಾನೂ ಬರ್ದಿಲ್ಲ. ನಾನು ಹೇಳಿದ್ನಲ್ಲ ನಿನಗೆ? ಕೂತ್ಕೊಂಡು ಕಣ್ಣೀರು ಹಾಕಿದ್ಯಲ್ಲ?"

"ಸಮಿತಿಯವರು... ಅಷ್ಟು ಬೇಡ ಅಂದ್ರು ಅಮ್ಮ."

"ಈಗ ಬರಿ. ನೀನು ಬರಿಯೋವರೆಗೂ ಈ ಹಳಿ ಬಿಟ್ಟು ಏಳಲ್ಲ ನಾನು." ಹಾರೆಯಕ್ಕ ಹಳಿಯ ಮೇಲೆ ಕೂತಳು. ಮೊಣಕಾಲು ಲಟಕ್ಕೆಂದಿತು. ಓರಗಿತ್ತಿ ಬಂದು ಪಕ್ಕದಲ್ಲಿ ಕೂತಳು. ಲೈನಿನವರು ಒಬ್ಬೊಬ್ಬರಾಗಿ ಹಳಿಯುದ್ದಕ್ಕೂ ಕೂತರು. ಕೀಲಿಗಾರ ಗಂಡ ಕೊನೆಯಲ್ಲಿ ಕೂತ.

ಕನ್ನಡಕದಮ್ಮ ಸಾಹುಕಾರನ ಮುಖ ನೋಡಿದಳು. ಅವನು ಬೇಡವೆಂದು ತಲೆ ಆಡಿಸಿದ. ಅವಳು ಮೈಕು ಕೆಳಗಿಟ್ಟು, ಪ್ಲಾಟ್‌ಫಾರ್ಮಿನ ಅಂಚಿಗೆ ಬಂದು ಕಾಲು ಇಳಿಬಿಟ್ಟು ಕೂತಳು. ಚೀಲದಿಂದ ಪೆನ್ನು ತೆಗೆದಳು.

"ಹೇಳಿ," ಎಂದಳು.

ಹಾರೆಯಕ್ಕ ಹೇಳಿದಳು. ದಿಬ್ಬ ಹಾಕಿದವರು ಯಾರು, ಕಲ್ಲು ಹೊತ್ತವರು ಯಾರು, ನಲ್ಲಿ ಮುಟ್ಟಬೇಡ ಎಂದವರು ಯಾರು. ಈ ಸಲ ತನ್ನ ಬೆರಳು, ತನ್ನ ಹಲ್ಲಿನ ಸುದ್ದಿ ತೆಗೆಯಲಿಲ್ಲ. ಕೊನೆಗೆ ಇವತ್ತಿನ ದಿನಕ್ಕೆ ಬಂದಳು. ವಕ್ರ ತುಟಿ ಎರಡು ಸಲ ಅಲ್ಲಾಡಿತು. ಕೊಳೆತ ದವಡೆ ಹಲ್ಲನ್ನು ಕೈಯಲ್ಲೇ ಕೀಳುವವಳ ಹಾಗೆ ಕಣ್ಣು ಬಿಗಿಯಾಗಿ ಮುಚ್ಚಿದಳು.

"ಕುಡಿಯಲ್ಲ ಅಂತ ಮೊದಲು ಅಂದೋಳು ಇವಳು," ಎಂದಳು. "ನಾನಲ್ಲ. ಇವಳು. ಅದನ್ನ ಸರಿಯಾಗಿ ಬರಿ."

ಓರಗಿತ್ತಿ ಅವಳ ಕಡೆ ತಿರುಗಿ ನೋಡಿದಳು. ಕಣ್ಣು ತುಂಬಿತ್ತು, ಬಾಯಿ ಮಾತ್ರ ಸುಮ್ಮನಿರಲಿಲ್ಲ.

"ಜೋರಾಗಿ ಅಂದೋಳು ನೀನು ಅಂತಾನೂ ಬರೆಸು ಅಕ್ಕ. ಇಲ್ಲಾಂದ್ರೆ ನಿನಗೆ ನಿದ್ದೆ ಬರಲ್ಲ."

ಹಾರೆಯಕ್ಕ ನಗಲಿಲ್ಲ. ಬರೆಸಿದಳು.